ಇತಿಹಾಸ ಸಂಘಕ್ಕೆ ಹೊಸ ಸದಸ್ಯರನ್ನು ಕರೆತರುವುದು ಹೇಗೆ? ಕಲಬುರಗಿಯ ಕಾಲೇಜು ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ಶುರುವಾಯಿತೆಂದರೆ ನಮ್ಮ ಸಂಘದ ಹುಡುಗರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ ಇರುತ್ತವೆ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಓದಿದವಳು. ಆಗ ಅಲ್ಲಿನ ಇತಿಹಾಸ ಸಂಘದಲ್ಲಿದ್ದೆ. ಈಗ ಅಲ್ಲೇ ಅತಿಥಿ ಉಪನ್ಯಾಸಕಿಯಾಗಿ ಸಂಘ ನೋಡಿಕೊಳ್ಳುತ್ತೇನೆ. ಎಲ್ಲರಿಗೂ ಒಂದೇ ಕಡೆ ಸಿಗಲಿ ಅಂತ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ನಿಮ್ಮದು ವಿಜ್ಞಾನ ಸಂಘವೋ ನಾಟಕ ತಂಡವೋ ಆಗಿದ್ದರೂ, ಬೀದರ್ ಯಾದಗಿರಿ ಕಡೆಯವರಾಗಿದ್ದರೂ, ಇದರಲ್ಲಿ ಬಹಳಷ್ಟು ನಿಮಗೂ ಹೊಂದುತ್ತದೆ.

ಹೊಸಬರನ್ನು ಕರೆಯಲು ಸರಿಯಾದ ಸಮಯ ಯಾವುದು?

ಮೊದಲ ವಾರ ಬೇಡ. ಆಗ ಅವರ ತಲೆ ತುಂಬಾ ಬೇರೆ ಚಿಂತೆ. ಬಸ್ ಪಾಸ್ ಮಾಡಿಸಬೇಕು, ಹಾಸ್ಟೆಲ್ ಅರ್ಜಿ ಹಾಕಬೇಕು, ಸ್ಕಾಲರ್‌ಶಿಪ್‌ಗೆ ಜಾತಿ ಆದಾಯ ಪ್ರಮಾಣಪತ್ರ ತರಬೇಕು. ಯಾವ ಕೋಣೆಯಲ್ಲಿ ಯಾವ ಕ್ಲಾಸ್ ಅನ್ನುವುದೇ ಇನ್ನೂ ತಿಳಿದಿರುವುದಿಲ್ಲ. ಮೂರನೇ ವಾರದಿಂದ ಮೊದಲ ಇಂಟರ್ನಲ್ ಟೆಸ್ಟ್‌ವರೆಗೆ ಒಳ್ಳೆಯ ಸಮಯ. ಅಷ್ಟು ಹೊತ್ತಿಗೆ ಒಂದಿಬ್ಬರು ಗೆಳೆಯರು ಆಗಿರುತ್ತಾರೆ, ಆದರೆ ಕ್ಲಾಸ್ ಮುಗಿದ ಮೇಲೆ ಏನು ಮಾಡಬೇಕು ಅನ್ನುವುದು ಇನ್ನೂ ರೂಢಿಯಾಗಿರುವುದಿಲ್ಲ.

ಮೊದಲ ವರ್ಷದವರ ಮೇಲೆ ಜಾಸ್ತಿ ಗಮನ ಇರಲಿ. 2024-25ರಿಂದ ನಮ್ಮ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಕೊನೆಯ ವರ್ಷದವರು ಬಿ.ಇಡಿ., ಎಂ.ಎ., ಸ್ಪರ್ಧಾತ್ಮಕ ಪರೀಕ್ಷೆ ಅಂತ ಓಡಾಡುತ್ತಿರುತ್ತಾರೆ. ಸಂಘ ನಿಂತಿರುವುದು ಎರಡನೇ ವರ್ಷದವರ ಮೇಲೆ. ಆ ಎರಡನೇ ವರ್ಷದವರು ಮೊದಲ ವರ್ಷದಲ್ಲೇ ಸಿಕ್ಕಿರಬೇಕು, ಅಲ್ವಾ?

ನೋಟಿಸ್ ಬೋರ್ಡ್‌ನಲ್ಲಿ ಹಾಕಿದರೆ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನೋಟಿಸ್ ನೋಡಿ ತಾವಾಗಿಯೇ ಬರುವವರು ಹೇಗಿದ್ದರೂ ಬರುತ್ತಿದ್ದವರು. ಉಳಿದವರು ಬೋರ್ಡ್ ಮುಂದೆ ನಿಲ್ಲುವುದು ಟೈಮ್‌ಟೇಬಲ್‌ಗೆ ಮತ್ತು ಫೀಸಿನ ಕೊನೆಯ ದಿನಕ್ಕೆ ಮಾತ್ರ. ತರಗತಿಗೆ ಹೋಗಿ ಮೈಕ್ ಹಿಡಿದು ಭಾಷಣ ಮಾಡಿದರೂ ಅಷ್ಟೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಾಗದದಲ್ಲಿ ಹೆಸರೂ ಬರೆಯುತ್ತಾರೆ. ಮುಂದಿನ ಸಭೆಗೆ ಬರುವುದಿಲ್ಲ.

ಒಬ್ಬರು ಸೇರುವುದು ಇನ್ನೊಬ್ಬರು ಹೆಸರು ಹಿಡಿದು ಕರೆದಾಗ. ಇಷ್ಟು ವರ್ಷ ಬೇರೆ ಬೇರೆ ತಂಡಗಳನ್ನು ನೋಡಿದ ಮೇಲೂ ನನ್ನ ಈ ಅಭಿಪ್ರಾಯ ಬದಲಾಗಿಲ್ಲ. ಆದ್ದರಿಂದ ಸಂಘದ ಪ್ರತಿಯೊಬ್ಬರೂ ಇಬ್ಬರನ್ನು ಕರೆತರುವ ಹೊಣೆ ಹೊತ್ತುಕೊಳ್ಳಿ. ಇಬ್ಬರು ಸಾಕು. ಅದರಲ್ಲಿ ಒಬ್ಬರು ನಿಮ್ಮ ಊರಿನವರೋ ನಿಮ್ಮ ಬಸ್ಸಿನವರೋ ಆಗಿರಬಾರದು. ಇಲ್ಲದಿದ್ದರೆ ಸಂಘ ಬರೀ ಆಳಂದದವರದ್ದೋ ಸೇಡಂನವರದ್ದೋ ಆಗಿಬಿಡುತ್ತದೆ.

ಕರೆಯುವಾಗ ಏನು ಹೇಳಬೇಕು?

"ನಮ್ಮ ಸಂಘ ಸೇರಿ" ಅಂತ ಹೇಳಬೇಡಿ. ಸೇರುವುದು ಅಂದ ಕೂಡಲೇ ಅವರ ಮನಸ್ಸಿಗೆ ಬರುವುದು ಫೀಸು, ಫಾರಂ, ಸೀನಿಯರ್‌ಗಳ ಹುಕುಂ. ಒಂದು ಕೆಲಸಕ್ಕೆ, ಒಂದು ದಿನಕ್ಕೆ ಕರೆಯಿರಿ. ಹೋದ ವರ್ಷ ನಮ್ಮ ಕಾರ್ಯದರ್ಶಿ ಗ್ರಂಥಾಲಯದ ಮುಂದಿನ ಪರ್ಸಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹುಡುಗಿಯ ಜೊತೆ ಮಾತಾಡಿದ್ದು ಹೀಗಿತ್ತು:

"ಯಾವೂರವ್ವಾ ನಿಂದು?"

"ಚಿತ್ತಾಪುರ ಹತ್ರ ಅಕ್ಕಾ."

"ನಾಗಾವಿ ನೋಡಿದ್ದಿ?"

"ಹೂಂ, ಎಲ್ಲಮ್ಮನ ಗುಡಿಗಿ ಹೋಗಿವಿ."

"ಅಲ್ಲಿ ಕಂಬಗಳದು ದೊಡ್ಡ ಗುಡಿ ಅದಲ್ಲ, ಅದು ಹಿಂದಕ ಕಾಲೇಜ್ ಇದ್ದಂಗ ಇತ್ತು, ಗೊತ್ತದೇನು? ಶನಿವಾರ ಮಧ್ಯಾಹ್ನ ಅದರ ಫೋಟೋ ತೋರಸ್ತೀವಿ. ನೀ ಬಂದು ನಿಮ್ಮೂರ ಬಗ್ಗೆ ಎರಡ್ ಮಾತ್ ಹೇಳು."

ಇಷ್ಟೇ ಮಾತು. ಆ ಹುಡುಗಿ ಬಂದಳು. ನಾಗಾವಿಯಲ್ಲಿ ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ ಇತ್ತು. ಹನ್ನೊಂದನೇ ಶತಮಾನದ ಶಾಸನದಲ್ಲಿ ಅಲ್ಲಿನ ವಿದ್ಯಾರ್ಥಿಗಳ, ಗುರುಗಳ, ಪುಸ್ತಕ ಭಂಡಾರ ನೋಡಿಕೊಳ್ಳುತ್ತಿದ್ದವರ ಮಾತು ಬರುತ್ತದೆ. ತನ್ನ ಊರಿನ ಪಕ್ಕದಲ್ಲೇ ಸಾವಿರ ವರ್ಷದ ಹಿಂದೆ ಜನ ಓದಲು ಬರುತ್ತಿದ್ದರು ಅಂತ ಕೇಳಿದರೆ ಯಾರಿಗಾದರೂ ಕುತೂಹಲ ಹುಟ್ಟುತ್ತದೆ. ನಮ್ಮ ಜಿಲ್ಲೆಯಲ್ಲಿ ಇಂಥದ್ದಕ್ಕೆ ಬರವೇ ಇಲ್ಲ. ಸೇಡಂ ಕಡೆಯವರಿಗೆ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇದೆ. ಭೀಮಾ ದಂಡೆಯವರಿಗೆ ಬೌದ್ಧರ ಹಳೆಯ ನೆಲೆ ಸನ್ನತಿ ಇದೆ. ಹೊಸಬರ ಊರು ಕೇಳಿ, ಅಲ್ಲಿಂದಲೇ ಮಾತು ಶುರು ಮಾಡಿ.

ಸಭೆಗೆ ಬರ್ತೀನಿ ಅಂತಾರೆ, ನಾಲ್ಕು ಗಂಟೆಗೆ ನೋಡಿದರೆ ಒಬ್ಬರೂ ಇರುವುದಿಲ್ಲ. ಯಾಕೆ?

ಬಸ್ಸಿಗೆ ಹೋಗಿರುತ್ತಾರೆ.

ಬೇರೆ ಊರಿನ ಸಂಘಗಳಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇದು. ನಮ್ಮ ಪದವಿ ಕಾಲೇಜುಗಳಲ್ಲಿ ಎಷ್ಟೊಂದು ಮಂದಿ ದಿನಾ ಹಳ್ಳಿಯಿಂದ ಬಂದು ಹೋಗುವವರು. ಅಫಜಲಪುರ, ಜೇವರ್ಗಿ, ಕಮಲಾಪುರ, ಕಾಳಗಿ ಅಂತ ಒಂದೊಂದು ದಿಕ್ಕಿನಿಂದ ಬರುತ್ತಾರೆ. ಬೆಳಿಗ್ಗೆ ಬೇಗ ಎದ್ದು, ಜೋಳದ ರೊಟ್ಟಿ ಪಲ್ಯ ಕಟ್ಟಿಕೊಂಡು ಹೊರಟವರು. ತಾಲ್ಲೂಕಿನವರೆಗೆ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ತಮ್ಮ ಹಳ್ಳಿಗೆ ಹೋಗುವ ಬಸ್ಸು ಒಂದೋ ಎರಡೋ. ಅದು ತಪ್ಪಿದರೆ ಮುಂದೆ ಟಂಟಂ ಹಿಡಿಯಬೇಕು, ಇಲ್ಲಾ ಅಪ್ಪನಿಗೆ ಫೋನ್ ಮಾಡಿ ಗಾಡಿ ತರಿಸಬೇಕು. ನಾಲ್ಕಕ್ಕೆ ಸಭೆ ಇಟ್ಟು, ಬರಲಿಲ್ಲ ಅಂತ ಅವರ ಮೇಲೆ ಸಿಟ್ಟಾಗುವುದು ಸರಿಯಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ತೀರ್ಮಾನ ಮಾಡುವುದಂತೂ ಇನ್ನೂ ತಪ್ಪು.

ಏನು ಮಾಡಬಹುದು? ಸಭೆಯನ್ನು ಊಟದ ಬಿಡುವಿಗೆ ತನ್ನಿ. ಎಲ್ಲರೂ ಡಬ್ಬಿ ತಂದು ಒಂದೇ ಕಡೆ ಕೂತು ಉಣ್ಣಲಿ. ಉಣ್ಣುತ್ತಲೇ ಮಾತಾಗಲಿ. ಒಬ್ಬರ ಡಬ್ಬಿಯ ಶೇಂಗಾ ಹಿಂಡಿ ಇನ್ನೊಬ್ಬರ ರೊಟ್ಟಿಗೆ ಹೋದ ಮೇಲೆ ಪರಿಚಯ ಬೇರೆ ಮಾಡಿಸುವ ಅಗತ್ಯ ಇರುವುದಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲವೂ ಮುಗಿಯಬೇಕು. ಒಂದು ವಿಷಯ, ಒಂದು ತೀರ್ಮಾನ, ಯಾರು ಏನು ಮಾಡುತ್ತಾರೆ ಅನ್ನುವುದು. ಅಷ್ಟು ಸಾಕು.

ಇನ್ನೊಂದು ಕೆಲಸ ಮಾಡಿ. ಹೆಸರು ಬರೆದುಕೊಳ್ಳುವ ಪುಸ್ತಕದಲ್ಲಿ ಹೆಸರು, ತರಗತಿ, ಫೋನ್ ನಂಬರ್ ಪಕ್ಕದಲ್ಲಿ "ಕೊನೆಯ ಬಸ್" ಅಂತ ಒಂದು ಕಾಲಂ ಇರಲಿ. ತುಂಬುವಾಗ ಹೊಸಬರಿಗೆ ಆಶ್ಚರ್ಯ ಆಗುತ್ತದೆ. ತಮ್ಮ ಕಷ್ಟ ಇವರಿಗೆ ಗೊತ್ತಿದೆ ಅನಿಸುತ್ತದೆ. ಸಂಜೆ ಕಾರ್ಯಕ್ರಮ ಇಡಲೇಬೇಕಾದಾಗ ಆ ಕಾಲಂ ನೋಡಿಯೇ ವೇಳೆ ನಿಗದಿ ಮಾಡಿ.

ಹೊರಗೆ ಹೋಗುವ ದಿನ ಬಸ್ ಖರ್ಚು ಹೇಗೆ?

ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಹುಡುಗಿಯರಿಗೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇದ್ದರಾಯಿತು. ಹುಡುಗರ ಪಾಸು ಅವರ ಊರಿನ ದಾರಿಗೆ ಮಾತ್ರ ನಡೆಯುತ್ತದೆ. ಹಾಗಾಗಿ ಮಳಖೇಡಕ್ಕೆ ಹೋಗುವ ದಿನ ಹುಡುಗರ ಟಿಕೆಟ್ಟಿಗೆ ಸಂಘದ ದುಡ್ಡಿನಿಂದ ಸ್ವಲ್ಪ ತೆಗೆದಿಡಿ. ದುಡ್ಡಿಲ್ಲ ಅಂತ ಬಾಯಿಬಿಟ್ಟು ಹೇಳುವ ಹುಡುಗರು ಕಡಿಮೆ. "ಭಾನುವಾರ ಬ್ಯಾರೆ ಕೆಲಸ ಅದ ಸರ್" ಅಂತ ಜಾರಿಕೊಳ್ಳುತ್ತಾರೆ. ಅವರಾಗಿ ಹೇಳುವವರೆಗೆ ಕಾಯಬೇಡಿ.

ಹುಡುಗಿಯರು ಸೇರುತ್ತಾರೆ, ಹೊರಗೆ ಹೊರಟಾಗ ಮನೆಯಲ್ಲಿ ಬಿಡುವುದಿಲ್ಲ. ಇದಕ್ಕೇನು ಮಾಡುವುದು?

ಮನೆಯವರ ಜೊತೆ ನೇರವಾಗಿ ಮಾತಾಡಿ. ಮಗಳ ಮೂಲಕ ಹೇಳಿ ಕಳಿಸಿದರೆ ಅರ್ಧ ಮಾತು ದಾರಿಯಲ್ಲೇ ಉಳಿಯುತ್ತದೆ. ನಾನು ತಾಯಂದಿರಿಗೆ ಫೋನ್ ಮಾಡುತ್ತೇನೆ. ಹೇಳುವುದು ಇಷ್ಟು: "ಅಕ್ಕಾ, ನಿಮ್ಮ ಮಗಳು ಐತವಾರ ನಮ್ಮ ಜೋಡಿ ಕಿಲ್ಲಾ ನೋಡ್ಲಾಕ ಬರ್ತಾಳ್ರಿ. ಎಂಟೂವರಿಗಿ ಕಾಲೇಜಿನಾಗ ಸೇರ್ತೀವಿ, ಹನ್ನೊಂದೂವರಿಗಿ ಮುಗಿತದ. ವಾಪಸ್ ಬಸ್ಸಿಗಿ ನಾನೇ ಹತ್ತಿಸ್ತೀನಿ." ಆ ಕಡೆಯಿಂದ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: "ಯಾರ್ ಯಾರ್ ಬರ್ತಾರ್ರಿ ಮೇಡಂ?" ಅದಕ್ಕೆ ಸರಿಯಾದ ಉತ್ತರ ನಿಮ್ಮ ಹತ್ತಿರ ಇರಬೇಕು. ಎಷ್ಟು ಹುಡುಗಿಯರು, ಯಾವ ಮೇಡಂ, ಎಲ್ಲಿ ಊಟ, ಎಲ್ಲಿ ಬಾತ್‌ರೂಮ್ ಇದೆ ಅನ್ನುವುದೆಲ್ಲ.

ಆ ತಾಯಿ ಕೇಳುವುದರಲ್ಲಿ ತಪ್ಪೇನಿಲ್ಲ. ಅದನ್ನು ಹಿಂದುಳಿದ ಯೋಚನೆ ಅಂತ ನೋಡಬೇಡಿ. ಅವರು ಮಗಳನ್ನು ಪದವಿಗೆ ಕಳಿಸಿದ್ದಾರೆ. ಆ ಹಳ್ಳಿಯಲ್ಲಿ ಎಷ್ಟೋ ಜನ ಕಳಿಸಿಲ್ಲ. ಹೇಳಿದ ವೇಳೆಗೆ ಸರಿಯಾಗಿ ಮಗಳು ಮನೆ ಮುಟ್ಟಿದರೆ ಮುಂದಿನ ಸಲ ಕೇಳುವುದೇ ಬೇಡ, ತಂಗಿಯನ್ನೂ ಜೊತೆಗೆ ಕಳಿಸುತ್ತಾರೆ. ವೇಳೆ ತಪ್ಪಿದರೆ ಸಂಘ ಬಿಟ್ಟು ಒಬ್ಬಳು ಮಾತ್ರ ಹೋಗುವುದಿಲ್ಲ, ಆ ಬಸ್ಸಿನಲ್ಲಿ ಬರುವ ಎಲ್ಲ ಹುಡುಗಿಯರೂ ಹೋಗುತ್ತಾರೆ. ಹಾಗಾಗಿ ಹನ್ನೊಂದೂವರೆ ಅಂದರೆ ಹನ್ನೊಂದೂವರೆ. ನೋಡುವುದು ಬಾಕಿ ಇದ್ದರೂ ಸರಿ, ಇನ್ನೊಂದು ದಿನ ನೋಡಿ.

ಹುಡುಗಿಯರನ್ನು ರಂಗೋಲಿಗೆ, ಸ್ವಾಗತಕ್ಕೆ, ಪ್ರಾರ್ಥನೆಗೆ ಮಾತ್ರ ಇಟ್ಟುಕೊಳ್ಳುವ ಸಂಘಗಳಿವೆ. ಅಂಥಲ್ಲಿ ಅವರು ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಟೇಪ್ ಹಿಡಿದು ಅಳತೆ ಮಾಡುವುದು, ಲೆಕ್ಕ ಬರೆಯುವುದು, ಅನುಮತಿ ಪತ್ರ ಹಿಡಿದು ಕಚೇರಿಗೆ ಹೋಗುವುದು ಎಲ್ಲದರಲ್ಲೂ ಅವರಿರಲಿ.

ಹಾಸ್ಟೆಲ್‌ನವರಿಗೆ ಬಸ್ಸಿನ ಚಿಂತೆ ಇಲ್ಲ. ಅವರನ್ನೇ ಜಾಸ್ತಿ ಸೇರಿಸಿಕೊಂಡರೆ?

ಸುಲಭ ಅನಿಸುತ್ತದೆ, ಆದರೆ ಬೇಡ. ಬಿಸಿಎಂ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ನವರು ಒಳ್ಳೆಯ ಕೆಲಸಗಾರರು. ಸಂಜೆ ಸಿಗುತ್ತಾರೆ, ಒಟ್ಟಿಗೆ ಇರುತ್ತಾರೆ. ಆದರೆ ಸಂಘ ಹಾಸ್ಟೆಲ್‌ನ ಒಂದು ಗುಂಪಾಗಿಬಿಟ್ಟರೆ ಉಳಿದವರು ಹೊರಗೆ ನಿಲ್ಲುತ್ತಾರೆ. ವಾರ್ಡನ್‌ಗೆ ಮುಂಚೆಯೇ ಒಂದು ಪತ್ರ ಕೊಡಿ. ಹಾಜರಾತಿ, ಊಟದ ವೇಳೆಗೆ ತೊಂದರೆ ಆಗಬಾರದು.

"ನನಗೆ ಕನ್ನಡ ಸರಿಯಾಗಿ ಬರಲ್ಲ" ಅನ್ನುವವರನ್ನು ಹೇಗೆ ಕರೆಯುವುದು?

ಈ ಪ್ರಶ್ನೆ ಬಂದಾಗೆಲ್ಲ ನನಗೆ ಹುರುಪು ಬರುತ್ತದೆ. ಯಾಕೆಂದರೆ ಇತಿಹಾಸ ಸಂಘಕ್ಕೆ ಅವರ ಹಾಗೆ ಬೇಕಾದವರು ಯಾರೂ ಇಲ್ಲ.

ನಮ್ಮ ಕಡೆ ಮನೆಯಲ್ಲಿ ದಖನಿ ಮಾತಾಡುವವರಿದ್ದಾರೆ, ತೆಲುಗು, ಮರಾಠಿ, ಲಂಬಾಣಿ ಮಾತಾಡುವವರಿದ್ದಾರೆ. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಹಳೆಯ ಹೊಲದ ಕಾಗದ, ಮನೆ ಪತ್ರ, ಶಾಲೆಯ ದಾಖಲೆ ಎಷ್ಟೋ ಮನೆಗಳಲ್ಲಿ ಉರ್ದುವಿನಲ್ಲೇ ಇವೆ. ಕನ್ನಡದ ಹುಡುಗನೊಬ್ಬ ಅಜ್ಜನ ಟ್ರಂಕಿನಿಂದ ಅಂಥ ಒಂದು ಕಾಗದ ತಂದ. ಅವನ ಮನೆಯಲ್ಲಿ ಅದನ್ನು ಓದುವವರು ಯಾರೂ ಉಳಿದಿಲ್ಲ. ಉರ್ದು ಮಾಧ್ಯಮದಲ್ಲಿ ಓದಿ ಬಂದ, ಸಭೆಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಅದನ್ನು ಬೆರಳಿಟ್ಟು ನಿಧಾನಕ್ಕೆ ಓದಿದಳು. ನಡುನಡುವೆ "ಯೇ ಕ್ಯಾ ಹೈ ಕಿ..." ಅಂತ ತಡೆದು, ಹೊಲದ ಹೆಸರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಅಜ್ಜನ ಅಪ್ಪನ ಹೆಸರು ಎಲ್ಲ ಹೇಳಿದಳು. ಆ ಹುಡುಗ ಮುತ್ತಜ್ಜನ ಹೆಸರನ್ನು ಕಾಗದದಲ್ಲಿ ಕೇಳಿದ್ದು ಅದೇ ಮೊದಲು. ಅವತ್ತಿನಿಂದ ಅವಳು ನಮ್ಮ ಸಂಘದಲ್ಲಿ ಎಲ್ಲರಿಗೂ ಬೇಕಾದವಳು.

ಆದ್ದರಿಂದ ಉರ್ದು ವಿಭಾಗದ ತರಗತಿಗೂ ಹೋಗಿ ಕರೆಯಿರಿ. ನೋಟಿಸ್ ಎರಡೂ ಲಿಪಿಯಲ್ಲಿ ಇರಲಿ. ಸಭೆಯಲ್ಲಿ ಮಾತು ಕನ್ನಡದಲ್ಲೇ ನಡೆದರೂ, ತಿಳಿಯದಿದ್ದರೆ ಪಕ್ಕದವರು ಹೇಳಿಕೊಡಬೇಕು. ತಪ್ಪು ಕನ್ನಡಕ್ಕೆ ನಗುವುದು ನಮ್ಮಲ್ಲಿ ನಡೆಯುವುದಿಲ್ಲ, ತಪ್ಪು ಉರ್ದುವಿಗೂ ಅಷ್ಟೆ.

ಬಿ.ಎ. ಇತಿಹಾಸದವರು ಮಾತ್ರ ಸೇರಬಹುದೇ?

ಯಾರೂ ಸೇರಬಹುದು. ಬಿ.ಕಾಂ.ನವರು ಲೆಕ್ಕ ಇಡುತ್ತಾರೆ. ಬಿಸಿಎ ಹುಡುಗರು ನಕ್ಷೆ ಮಾಡುತ್ತಾರೆ. ಬಿ.ಎಸ್ಸಿ.ಯವರು ಕಲ್ಲು ಯಾವುದು, ಗಾರೆ ಹೇಗೆ ಮಾಡಿದ್ದಾರೆ ಅಂತ ನೋಡುತ್ತಾರೆ.

ಹೊಸಬರ ಮೊದಲ ಕಾರ್ಯಕ್ರಮ ಯಾವುದಿರಬೇಕು?

ಉದ್ಘಾಟನೆ, ಅತಿಥಿ, ಹಾರ, ನೆನಪಿನ ಕಾಣಿಕೆ ಬೇಡವೇ ಬೇಡ. ಎರಡು ಗಂಟೆ ಹೊಸಬರನ್ನು ಕುರ್ಚಿಯಲ್ಲಿ ಕೂರಿಸಿದರೆ ಸಂಘ ಅಂದರೆ ಇದೇ ಅಂತ ತಿಳಿದುಕೊಳ್ಳುತ್ತಾರೆ. ಹೊರಗೆ ಕರೆದುಕೊಂಡು ಹೋಗಿ. ನಮಗೆ ಊರೊಳಗೇ ಕಿಲ್ಲಾ ಇದೆ. ಬಹಮನಿ ರಾಜ್ಯ 1347ರಲ್ಲಿ ಶುರುವಾಗಿ ಕಲಬುರಗಿ ಅದರ ರಾಜಧಾನಿ ಆಯಿತು. ಕಿಲ್ಲಾ ಒಳಗಿನ ಜಾಮಿ ಮಸೀದಿ 1367ರದ್ದು. ಬೇರೆ ಮಸೀದಿಗಳ ಹಾಗೆ ನಡುವೆ ಬಯಲು ಅಂಗಳ ಇಲ್ಲ. ಪೂರ್ತಿ ಗುಮ್ಮಟಗಳಿಂದ ಮುಚ್ಚಿದ್ದಾರೆ. ಒಳಗೆ ನಿಂತರೆ ಕಮಾನಿನ ಹಿಂದೆ ಕಮಾನು ಕಾಣುತ್ತದೆ.

ಅಲ್ಲಿ ನೀವು ಒಂದು ಗಂಟೆ ವಿವರಣೆ ಕೊಡಬೇಡಿ. ಹೊಸಬರನ್ನು ಮೂರು ಮೂರು ಜನರ ಗುಂಪು ಮಾಡಿ, ಒಂದೊಂದು ಕೆಲಸ ಕೊಡಿ. ಒಂದು ಗುಂಪು ಕಮಾನುಗಳನ್ನು ಎಣಿಸಲಿ. ಇನ್ನೊಂದು ಗುಂಪು ಕಂದಕ ಎಲ್ಲೆಲ್ಲಿ ಮುಚ್ಚಿಹೋಗಿದೆ ಅಂತ ಗುರುತು ಮಾಡಲಿ. ಮತ್ತೊಂದು ಗುಂಪು ಅಲ್ಲಿಗೆ ಬಂದ ಹಿರಿಯರನ್ನು ಮಾತಾಡಿಸಲಿ. ಒಮ್ಮೆ ಹೀಗೆ ಬಿಟ್ಟಾಗ ಅಫಜಲಪುರ ಕಡೆಯ ಒಬ್ಬ ಹುಡುಗ ಒಂದೇ ಕಮಾನಿನ ಕೆಳಗೆ ಬಹಳ ಹೊತ್ತು ಕತ್ತೆತ್ತಿ ನಿಂತಿದ್ದ. ಏನಪ್ಪಾ ಅಂತ ಕೇಳಿದೆ. "ಮೇಡಂ, ಇದಕ್ಕ ಮೊದಲ ಕೆಳಗ ಕಟ್ಟಿಗಿ ಆಸರ ಕೊಟ್ಟಿರ್ತಾರ. ಎರಡೂ ಕಡಿಯಿಂದ ಕಲ್ಲು ಕುಂದರಿಸ್ಕೋತ ಬಂದು ನಡುವಿನ ಕಲ್ಲು ಕಡೀಕ ಹಾಕ್ತಾರ. ಅದು ಕುಂತ ಮ್ಯಾಲ ಕಟ್ಟಿಗಿ ತೆಗೀತಾರ" ಅಂದ. ಅವನ ಅಪ್ಪ ಗೌಂಡಿ. ರಜೆಯಲ್ಲಿ ಅವನೂ ಕೆಲಸಕ್ಕೆ ಹೋಗುತ್ತಾನೆ. ಎಲ್ಲರೂ ಅವನ ಸುತ್ತ ಸೇರಿದರು. ಅಷ್ಟು ಸಲೀಸಾಗಿ ನನಗೆ ಹೇಳಲು ಆಗುತ್ತಿರಲಿಲ್ಲ. ತರಗತಿಯಲ್ಲಿ ಕೊನೆಯ ಬೆಂಚಿನ ಆ ಹುಡುಗ ಈಗ ಪ್ರತಿ ನಡಿಗೆಯಲ್ಲೂ ಹೊಸಬರಿಗೆ ಕಮಾನು ತೋರಿಸುತ್ತಾನೆ.

ಕೆಲವು ಎಚ್ಚರಿಕೆ ಹೇಳಲೇಬೇಕು. ಕಿಲ್ಲಾ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದಕ್ಕೆ 1958ರ ಕಾಯ್ದೆ ಇದೆ. ಗೋಡೆಯ ಮೇಲೆ ಬರೆಯುವುದು, ಶಾಸನಕ್ಕೆ ಸುಣ್ಣ ಪುಡಿ ಹಚ್ಚಿ ಫೋಟೋ ತೆಗೆಯುವುದು, ಕಲ್ಲು ಎತ್ತಿಕೊಂಡು ಬರುವುದು ಯಾವುದೂ ಆಗಬಾರದು. ಮಸೀದಿಯೊಳಗೆ, ಗುಡಿಯೊಳಗೆ ಚಪ್ಪಲಿ ಬಿಟ್ಟು, ಸದ್ದು ಮಾಡದೆ ನಡೆಯಿರಿ. ಮಾರ್ಚ್‌ನಿಂದ ಜೂನ್ ಮೊದಲವರೆಗೆ ನಡಿಗೆ ಬೇಡ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಬೇರೆ ತಿಂಗಳಲ್ಲೂ ನೀರಿನ ಬಾಟಲಿ ಇಲ್ಲದವರನ್ನು ಹೊರಡಿಸಬೇಡಿ.

ಸೇರುವವರಿಗೆ ಸಂದರ್ಶನ, ಪರೀಕ್ಷೆ ಇಡಬೇಕೇ?

ಬೇಡ. ನಮ್ಮ ಹುಡುಗರು ಜೀವನಪೂರ್ತಿ ಪರೀಕ್ಷೆಯಲ್ಲೇ ಇರುತ್ತಾರೆ. "ಹಾಡು ಹೇಳು, ಕುಣಿ, ಸೀನಿಯರ್‌ಗೆ ನಮಸ್ಕಾರ ಮಾಡು" ಅನ್ನುವ ಪರಿಚಯ ಕಾರ್ಯಕ್ರಮವಂತೂ ಬೇಡವೇ ಬೇಡ. ಅದು ತಮಾಷೆ ಅಲ್ಲ, ರ‍್ಯಾಗಿಂಗ್. ಯುಜಿಸಿಯ 2009ರ ನಿಯಮ ಇರುವುದೇ ಅದನ್ನು ತಡೆಯಲು. ಯಾರಾದರೂ ನಿಮಗೆ ಹಾಗೆ ಮಾಡಿದರೆ 1800-180-5522ಗೆ ಉಚಿತವಾಗಿ ಕರೆ ಮಾಡಬಹುದು.

ಸದಸ್ಯತ್ವ ಶುಲ್ಕ ಎಷ್ಟಿರಬೇಕು?

ಮೊದಲ ನಡಿಗೆ ಆಗುವವರೆಗೆ ಒಂದು ರೂಪಾಯಿಯೂ ಕೇಳಬೇಡಿ. ಆಮೇಲೆ ಸಣ್ಣದೊಂದು ಮೊತ್ತ ಇಡಿ. ತಾಲ್ಲೂಕಿನಿಂದ ಬರುವ ಹುಡುಗನ ಒಂದು ದಿನದ ಚಹಾ ತಿಂಡಿಗಿಂತ ಜಾಸ್ತಿ ಆಗಬಾರದು. ಹತ್ತು ರೂಪಾಯಿಗೂ ರಸೀದಿ ಕೊಡಿ. ಲೆಕ್ಕದ ಹಾಳೆಯನ್ನು ತಿಂಗಳಿಗೊಮ್ಮೆ ಎಲ್ಲರಿಗೂ ತೋರಿಸಿ.

ಎನ್.ಎಸ್.ಎಸ್., ಎನ್.ಸಿ.ಸಿ. ಇರುವಾಗ ನಮ್ಮಲ್ಲಿಗೆ ಯಾಕೆ ಬರುತ್ತಾರೆ?

ಅವರ ಜೊತೆ ಪೈಪೋಟಿ ಬೇಡ. ಎನ್.ಎಸ್.ಎಸ್. 1969ರಿಂದ ಇದೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, 7 ದಿನದ ಶಿಬಿರ ಇರುತ್ತದೆ. ಅಷ್ಟು ಮಾಡಿದವರಿಗೆ ಪ್ರಮಾಣಪತ್ರ ಸಿಗುತ್ತದೆ, ಅದು ಅವರಿಗೆ ಮುಂದೆ ಬೇಕಾಗುತ್ತದೆ. ಅವರ ಅಧಿಕಾರಿಯ ಹತ್ತಿರ ಹೋಗಿ ವರ್ಷದ ಕ್ಯಾಲೆಂಡರ್ ಕೇಳಿ, ಆ ದಿನಗಳನ್ನು ಬಿಟ್ಟು ನಿಮ್ಮದು ಇಡಿ. ಇನ್ನೂ ಒಳ್ಳೆಯದು ಅಂದರೆ, ಶಿಬಿರ ಯಾವ ಹಳ್ಳಿಯಲ್ಲಿ ಆಗುತ್ತದೋ ಅಲ್ಲಿನ ಗುಡಿ, ಬಾವಿ, ವೀರಗಲ್ಲುಗಳ ಬಗ್ಗೆ ಒಂದು ಸಂಜೆ ನೀವು ಮಾತಾಡಿ. ನಮಗೆ ಒಳ್ಳೆಯ ಸದಸ್ಯರು ಅಂಥ ಸಂಜೆಗಳಲ್ಲಿ ಸಿಕ್ಕಿದ್ದಾರೆ.

ನಮ್ಮ ಸಂಘದಿಂದ ಸರ್ಟಿಫಿಕೇಟ್ ಸಿಗುತ್ತದೆಯೇ ಅಂತ ಕೇಳುತ್ತಾರೆ. ಏನು ಹೇಳಲಿ?

ಇದ್ದದ್ದನ್ನು ಇದ್ದ ಹಾಗೆ ಹೇಳಿ. ಕಾಲೇಜಿನ ಒಂದು ಪತ್ರ ಕೊಡಬಹುದು. ಅದು ನಮ್ಮ ಭಾಗದ ಮೀಸಲಾತಿಯ 371(ಜೆ) ಪ್ರಮಾಣಪತ್ರದ ಹಾಗೆ ಸೀಟಿಗೋ ನೌಕರಿಗೋ ಲೆಕ್ಕಕ್ಕೆ ಬರುವುದಿಲ್ಲ. ಸುಳ್ಳು ಆಸೆ ತೋರಿಸಿ ಸೇರಿಸಿಕೊಂಡವರು ಗೊತ್ತಾದ ದಿನವೇ ಹೋಗುತ್ತಾರೆ. ನಾಲ್ಕು ಜನರಿಗೂ ಹೇಳುತ್ತಾರೆ. ನಿಜವಾಗಿ ಸಿಗುವುದನ್ನು ಹೇಳಿ: ಹತ್ತು ಜನರ ಮುಂದೆ ನಿಂತು ಮಾತಾಡುವ ರೂಢಿ, ಒಂದು ಅರ್ಜಿ ಸರಿಯಾಗಿ ಬರೆಯುವುದು, ಒಂದು ಜಾಗವನ್ನು ಗಮನವಿಟ್ಟು ನೋಡುವುದು. ಬಿ.ಇಡಿ.ಗೆ ಹೋಗುವವರಿಗೆ ಇದು ಬಹಳ ಕೆಲಸಕ್ಕೆ ಬರುತ್ತದೆ.

ವಾಟ್ಸಾಪ್ ಗುಂಪಿನಲ್ಲಿ ಎಲ್ಲರನ್ನೂ ಸೇರಿಸಿಬಿಡಲೇ?

ಕೇಳದೆ ಯಾರನ್ನೂ ಸೇರಿಸಬೇಡಿ. ಗುಂಪಿಗೆ ಸೇರಿದ ಕೂಡಲೇ ಹುಡುಗಿಯರ ನಂಬರ್ ಎಲ್ಲರಿಗೂ ಕಾಣುತ್ತದೆ. ಅದೇ ರಾತ್ರಿ "ಹಾಯ್" ಅಂತ ಮೆಸೇಜ್ ಬರಲು ಶುರುವಾದರೆ ಅವರು ಗುಂಪನ್ನೂ ಬಿಡುತ್ತಾರೆ, ಸಂಘವನ್ನೂ ಬಿಡುತ್ತಾರೆ. ನಾವು ಹುಡುಗಿಯರಿಗೆ ಬೇರೆ ಗುಂಪು ಮಾಡಿ, ಸಂಘದ ಒಬ್ಬಳು ಹುಡುಗಿಯೇ ಅದನ್ನು ನೋಡಿಕೊಳ್ಳುವ ಹಾಗೆ ಮಾಡಿದ್ದೇವೆ. ಎಷ್ಟೋ ಹುಡುಗಿಯರ ಹತ್ತಿರ ಸ್ವಂತ ಫೋನ್ ಇರುವುದಿಲ್ಲ, ಅಣ್ಣನದ್ದೋ ಅಪ್ಪನದ್ದೋ ಇರುತ್ತದೆ. ಅವರಿಗೆ ಸುದ್ದಿಯನ್ನು ಬಾಯಿಮಾತಿನಲ್ಲೇ ಮುಟ್ಟಿಸಿ. ಶುಭೋದಯದ ಚಿತ್ರ, ರಾಜಕೀಯದ ವಿಡಿಯೋ ಯಾವ ಗುಂಪಿನಲ್ಲೂ ಬೇಡ.

ಪಕ್ಷದ ವಿದ್ಯಾರ್ಥಿ ಘಟಕದಲ್ಲಿ ಇರುವವರು ಸೇರಬಹುದೇ?

ಸೇರಬಹುದು. ಧ್ವಜ, ಘೋಷಣೆ ಹೊರಗೆ ಬಿಟ್ಟು ಬರಬೇಕು. ಜಾತಿ, ಧರ್ಮದ ಹೆಸರಿನ ಸಂಘಗಳಿಗೂ ಇದೇ ಮಾತು. ಇತಿಹಾಸದಲ್ಲಿ ಜಗಳಕ್ಕೆ ಬೇಕಾದಷ್ಟು ಸಾಮಾನು ಇದೆ. ಹೊಸಬರ ಎದುರಿಗೆ ಹಳಬರು ಕಿತ್ತಾಡಿದರೆ ಮೊದಲು ಎದ್ದು ಹೋಗುವವರು ಶಾಂತವಾಗಿ ಕೆಲಸ ಮಾಡುವವರು. ವಾದ ಬಂದಾಗ ಒಂದೇ ನಿಯಮ ಇಟ್ಟುಕೊಳ್ಳಿ: ಯಾವ ಶಾಸನ, ಯಾವ ದಾಖಲೆ, ಎಲ್ಲಿ ನೋಡಿದಿರಿ? ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಅಶೋಕನ ಶಿಲ್ಪ ಸಿಕ್ಕಿತು. ಅದು ಅಶೋಕನದ್ದೇ ಅಂತ ಎಲ್ಲರೂ ಒಪ್ಪಿದ್ದು ಅದರ ಕೆಳಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಕೆತ್ತಿದ್ದರಿಂದ. ಈ ಒಂದು ಉದಾಹರಣೆಯನ್ನು ಹೊಸಬರಿಗೆ ಮೊದಲ ತಿಂಗಳಲ್ಲೇ ಹೇಳುತ್ತೇನೆ.

ಹುರುಪಿನಿಂದ ಬಂದವರು ಎರಡು ತಿಂಗಳಲ್ಲಿ ಯಾಕೆ ಮಾಯವಾಗುತ್ತಾರೆ?

ಕೆಲಸ ಕೊಡದೇ ಇರುವುದರಿಂದ. ಬಹಳ ಸಂಘಗಳಲ್ಲಿ ಹಳಬರು ಮಾತಾಡುತ್ತಾರೆ, ಹೊಸಬರು ಕುರ್ಚಿ ಹಾಕುತ್ತಾರೆ. ಕುರ್ಚಿ ಹಾಕಲು ಯಾರೂ ನಿಮ್ಮ ಸಂಘಕ್ಕೆ ಬಂದಿಲ್ಲ. ಬಂದ ಎರಡು ವಾರದೊಳಗೆ ಅವರ ಹೆಸರಿಗೆ ಒಂದು ಸಣ್ಣ ಕೆಲಸ ಇರಬೇಕು, ಅದು ಅವರಿಲ್ಲದಿದ್ದರೆ ನಿಲ್ಲುವಂಥದ್ದಾಗಿರಬೇಕು. ಒಂದು ಗುಡಿಯ ಫೋಟೋ ತರುವುದು, ಊರಿನ ಅಜ್ಜಿಯಿಂದ ಒಂದು ಬಾವಿಯ ಕಥೆ ಬರೆದು ತರುವುದು, ಮುಂದಿನ ಸಭೆಯಲ್ಲಿ ಐದು ನಿಮಿಷ ಮಾತಾಡುವುದು. ತಂದ ಮೇಲೆ ಅದನ್ನು ನೋಡಿ, ಎಲ್ಲರೆದುರು ಓದಿ, ಗೋಡೆ ಪತ್ರಿಕೆಯಲ್ಲಿ ಅವರ ಹೆಸರು ಹಾಕಿ ಅಂಟಿಸಿ. ತಂದ ಹಾಳೆ ನಿಮ್ಮ ಚೀಲದಲ್ಲೇ ಉಳಿದರೆ ಅವರು ಇನ್ನೊಂದು ಹಾಳೆ ತರುವುದಿಲ್ಲ.

ಎರಡು ಸಲ ಬರದಿದ್ದವರನ್ನು ಹುಡುಕಿಕೊಂಡು ಹೋಗಿ. "ಯಾಕ ಬರಲಿಲ್ಲ?" ಅಂತ ಕೇಳಿದರೆ ವಿಚಾರಣೆ ಮಾಡಿದ ಹಾಗಿರುತ್ತದೆ. "ಹೆಂಗ ಅದಿ, ಮನ್ಯಾಗ ಎಲ್ಲಾ ಆರಾಮ?" ಅಂತ ಕೇಳಿ. ಕಾರಣ ತಾನಾಗಿ ಹೊರಗೆ ಬರುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುತ್ತದೆ. ನಮ್ಮ ಎಷ್ಟೋ ವಿದ್ಯಾರ್ಥಿಗಳು ಆಗ ಹೊಲದಲ್ಲಿರುತ್ತಾರೆ. ಆಳಿಗೆ ಕೂಲಿ ಕೊಡುವ ಶಕ್ತಿ ಇಲ್ಲದ ಮನೆಯಲ್ಲಿ ಮಗನೇ ಆಳು. ಆ ತಿಂಗಳ ಗೈರುಹಾಜರಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ. ದೊಡ್ಡ ಕಾರ್ಯಕ್ರಮವನ್ನೂ ಆಗ ಇಡಬೇಡಿ.

ಎಷ್ಟು ಜನ ಸೇರಿದರೆ ಸಂಘ ಗಟ್ಟಿ ಅನ್ನಬಹುದು?

ಕರೆದರೆ ಬರುವವರು ಹನ್ನೆರಡು ಹದಿನೈದು ಜನ ಇದ್ದರೆ ಸಾಕು. ಪುಸ್ತಕದಲ್ಲಿ ನೂರು ಹೆಸರು ಇದ್ದು ನಡಿಗೆಗೆ ಆರು ಜನ ಬಂದರೆ ಆ ಆರು ಜನಕ್ಕೂ ಬೇಸರವಾಗುತ್ತದೆ.

ಅನುಮತಿ, ನೋಂದಣಿ ಏನಾದರೂ ಬೇಕೇ?

ಕಾಲೇಜಿನ ಒಳಗಿನ ಸಂಘಕ್ಕೆ ಪ್ರಿನ್ಸಿಪಾಲರ ಒಪ್ಪಿಗೆ ಮತ್ತು ಒಬ್ಬ ಉಪನ್ಯಾಸಕರ ಹೊಣೆ ಸಾಕು. ಒಪ್ಪಿಗೆ ಬರಹದಲ್ಲಿ ಇರಲಿ. ಪ್ರಿನ್ಸಿಪಾಲರು ವರ್ಗವಾಗಿ ಹೋದರೂ ಪತ್ರ ಉಳಿಯುತ್ತದೆ. ಹೊರಗೆ ಬೇರೆ ಬೇರೆ ಕಾಲೇಜಿನವರು ಸೇರಿ ಸ್ವತಂತ್ರ ಸಂಸ್ಥೆ ಮಾಡಬೇಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ನೋಂದಣಿ ಮಾಡಿಸಬಹುದು. ಅದಕ್ಕೆ ಕನಿಷ್ಠ 7 ಜನ ಬೇಕು. ವರ್ಷಾವರ್ಷ ಲೆಕ್ಕಪತ್ರ ಕೊಡಬೇಕಾಗುತ್ತದೆ. ವಿದ್ಯಾರ್ಥಿಗಳಿಗೆ ಅದು ಸುಮ್ನೆ ಹೊರೆ. ಅವಸರ ಮಾಡಬೇಡಿ.

ನಾವು ಹೋದ ಮೇಲೆ ಸಂಘ ಯಾರ ಕೈಗೆ?

ಐದನೇ ಸೆಮಿಸ್ಟರ್ ಮುಗಿಯುವ ಮೊದಲೇ ಎರಡನೇ ವರ್ಷದ ಇಬ್ಬರಿಗೆ ವಹಿಸಿಕೊಡಿ. ಇಬ್ಬರಲ್ಲಿ ಒಬ್ಬಳು ಹುಡುಗಿ ಇರಲಿ, ಒಬ್ಬರು ಹಳ್ಳಿಯಿಂದ ಬಂದು ಹೋಗುವವರಿರಲಿ. ಆಮೇಲಿನ ಸೆಮಿಸ್ಟರ್‌ನಲ್ಲಿ ನೀವು ಕಾಲೇಜಿನಲ್ಲೇ ಇರುತ್ತೀರಿ, ಅವರು ಕೇಳಿದಾಗ ಹೇಳಿಕೊಡಬಹುದು. ಹೆಸರಿನ ಪುಸ್ತಕ, ಲೆಕ್ಕದ ಪುಸ್ತಕ, ಒಪ್ಪಿಗೆ ಪತ್ರ, ಟೇಪು, ಫೋಟೋಗಳ ಪೆನ್‌ಡ್ರೈವ್ ಇವೆಲ್ಲ ಯಾರ ಮನೆಯಲ್ಲೂ ಉಳಿಯಬಾರದು. ವಿಭಾಗದ ಬೀರುವಿನಲ್ಲಿ ಇಟ್ಟು, ಏನೇನಿದೆ ಅಂತ ಒಂದು ಹಾಳೆಯಲ್ಲಿ ಬರೆದು, ಕೊಟ್ಟವರು ತೆಗೆದುಕೊಂಡವರು ಇಬ್ಬರೂ ಸಹಿ ಮಾಡಿ. ಅದೇ ಹಾಳೆಯ ಹಿಂದೆ ಈ ವರ್ಷ ಯಾವ ತಾಲ್ಲೂಕಿನಿಂದ ಒಬ್ಬರೂ ಬರಲಿಲ್ಲ ಅಂತ ಬರೆದಿಡಿ. ಮುಂದಿನವರು ಕರೆಯುವುದನ್ನು ಅಲ್ಲಿಂದಲೇ ಶುರು ಮಾಡಲಿ.